ಮೆಕ್ಸಿಕೋದ ತಗಡಿನ ಸಂತರು: ಮನೆಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಅಮೆರಿಕದ ಟೆಕ್ಸಸ್ ರಾಜ್ಯದ ಎಲ್ ಪಾಸೋದಲ್ಲಿ. ನದಿ ದಾಟಿದರೆ ಮೆಕ್ಸಿಕೋ. ನಮ್ಮ ಮನೆಯ ಹಾಲ್‌ನಲ್ಲಿ ಏಳು ಹಳೇ ತಗಡಿನ ಚಿತ್ರಗಳಿವೆ. ಊರಿಂದ ಬಂದ ನೆಂಟರಾಗಲಿ, ಇಲ್ಲಿನ ಕನ್ನಡದ ಗೆಳೆಯರಾಗಲಿ, ಕಾಫಿ ಲೋಟ ಕೈಗೆ ಬಂದ ಕೂಡಲೇ ಹೋಗಿ ನಿಲ್ಲುವುದು ಅವುಗಳ ಮುಂದೆಯೇ. ಕೇಳುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಹೇಳಿ ಹೇಳಿ ಬಾಯಿಪಾಠವಾಗಿರುವುದರಿಂದ ಒಂದು ಕಡೆ ಬರೆದಿಟ್ಟಿದ್ದೇನೆ.

ಇದೇನು, ಡಬ್ಬದ ತಗಡಿನ ಮೇಲೆ ಬರೆದಿದ್ದಾರಾ?

ಸುಮಾರಾಗಿ ಹೌದು. ತೆಳುವಾದ ಕಬ್ಬಿಣದ ಹಾಳೆಗೆ ತವರ ಲೇಪಿಸಿದ ತಗಡು ಇದು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದೆವಲ್ಲ, ಅದೇ ತವರ. ಬಿಸ್ಕತ್ತಿನ ಡಬ್ಬಗಳೂ ಇಂಥ ತಗಡಿನಲ್ಲೇ ಆಗುತ್ತಿದ್ದವು. ಅದರ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದ ಕ್ರೈಸ್ತ ಸಂತರ ಚಿತ್ರಗಳು ಇವು. ಬಹುತೇಕ ಎಲ್ಲವೂ 19ನೇ ಶತಮಾನದವು. ಚರ್ಚಿಗಾಗಿ ಮಾಡಿದ್ದಲ್ಲ, ಮನೆಯಲ್ಲಿ ದೀಪ ಹಚ್ಚಿ ಪ್ರಾರ್ಥನೆ ಮಾಡುವ ಮೂಲೆಗೆ ಮಾಡಿದ್ದು.

ಅಳತೆಯಲ್ಲೂ ಒಂದು ಲೆಕ್ಕವಿದೆ. ಮಾರುಕಟ್ಟೆಗೆ ಬರುತ್ತಿದ್ದ ಹಾಳೆ ಸಾಮಾನ್ಯವಾಗಿ 10 ಇಂಚು ಅಗಲ, 14 ಇಂಚು ಉದ್ದ. ಕಾಸಿದ್ದವರು ಇಡೀ ಹಾಳೆಯ ಚಿತ್ರ ಕೊಳ್ಳುತ್ತಿದ್ದರು. ಇಲ್ಲದವರಿಗೆ ಅರ್ಧ, ಕಾಲು, ಅದಕ್ಕೂ ಚಿಕ್ಕದು. ನಮ್ಮ ಗೋಡೆಯ ಮೇಲಿರುವುದು ಜಾಸ್ತಿ ಕಾಲು ಹಾಳೆಯವೇ. ಕೆಲವಕ್ಕೆ ಕತ್ತರಿಯ ಅಂಕುಡೊಂಕು ಅಂಚು ಇನ್ನೂ ಹಾಗೇ ಇದೆ, ಬೆರಳು ಕೊಯ್ದೀತು ಜೋಕೆ.

ಇವಕ್ಕೆ ಹೆಸರೇನು? ‘ರೆತಾಬ್ಲೊ’ ಅಂತ ಕೇಳಿದ ನೆನಪು.

ಆ ಹೆಸರಿನಿಂದ ಗೊಂದಲವೇ ಜಾಸ್ತಿ. ಪೀಠದ ಹಿಂದಿನ ಹಲಗೆ ಎಂಬ ಅರ್ಥದ ಲ್ಯಾಟಿನ್ ಪದಗಳಿಂದ ಬಂದ ಮಾತು ಅದು. ಸ್ಪೇನಿನಲ್ಲಿ ರೆತಾಬ್ಲೊ ಎಂದರೆ ಚರ್ಚಿನ ಪೀಠದ ಹಿಂದೆ ಚಾವಣಿ ಮುಟ್ಟುವ ಕೆತ್ತನೆಯ ಗೋಡೆ. ಪೆರುವಿನ ಅಯಾಕುಚೋ ಕಡೆ ಬಾಗಿಲಿರುವ, ಒಳಗೆ ಬೊಂಬೆ ತುಂಬಿದ ಪೆಟ್ಟಿಗೆ. ನಮ್ಮ ಪಕ್ಕದ, ಅಮೆರಿಕದ್ದೇ ರಾಜ್ಯವಾದ ನ್ಯೂ ಮೆಕ್ಸಿಕೋದಲ್ಲಿ ಮರದ ಹಲಗೆಯ ಮೇಲೆ ಬರೆದ ಸಂತರ ಚಿತ್ರ. ಮೆಕ್ಸಿಕೋದಲ್ಲಿ ಈ ತಗಡಿನ ಚಿತ್ರಕ್ಕೂ ಅದೇ ಹೆಸರು ಅಂಟಿಕೊಂಡಿದೆ. ‘ಲಾಮಿನಾ’ ಅಂತಲೂ ಕರೆಯುತ್ತಾರೆ, ಅಂದರೆ ಸುಮ್ನೆ ‘ತಗಡು’. ನನಗೆ ಆ ಹೆಸರೇ ಇಷ್ಟ.

ಬಟ್ಟೆ, ಮರ ಎಲ್ಲ ಬಿಟ್ಟು ತಗಡೇ ಯಾಕೆ?

ಮೊದಲು ತಾಮ್ರವಿತ್ತು. 17 ಮತ್ತು 18ನೇ ಶತಮಾನದಲ್ಲಿ ಪಳಗಿದ ಚಿತ್ರಗಾರರು ತಾಮ್ರದ ಹಾಳೆಯ ಮೇಲೆ ನಾಜೂಕಾಗಿ ಬರೆಯುತ್ತಿದ್ದರು. ಅದನ್ನು ಕೊಳ್ಳಲು ಆಗುತ್ತಿದ್ದುದು ಸಿರಿವಂತರಿಗೆ, ಕ್ರೈಸ್ತ ಸನ್ಯಾಸಿನಿಯರ ಮಠಗಳಿಗೆ ಮಾತ್ರ. 1821ರಲ್ಲಿ ಮೆಕ್ಸಿಕೋ ಸ್ಪೇನಿನ ಕೈಯಿಂದ ಬಿಡಿಸಿಕೊಂಡಿತು. ಬೇರೆ ದೇಶಗಳ ಜೊತೆಗಿನ ವ್ಯಾಪಾರ ಸಲೀಸಾಯಿತು. ವೇಲ್ಸ್ ಕಡೆಯ ಕಾರ್ಖಾನೆಗಳ ಅಗ್ಗದ ತಗಡು ಹಡಗಿನಲ್ಲಿ ಬಂತು. ಬಂದಿದ್ದು ಡಬ್ಬ, ಲಾಟೀನು, ಬಕೆಟ್ಟಿಗೆಂದು. ಚಿತ್ರಗಾರರ ಕಣ್ಣು ಅದರ ಮೇಲೆ ಬಿತ್ತು.

ಕಾರಣ ನೋಡಿ. ತಗಡಿಗೆ ಗೆದ್ದಲು ಹತ್ತುವುದಿಲ್ಲ. ಮರದ ಹಾಗೆ ಸೊಟ್ಟಗಾಗುವುದಿಲ್ಲ. ಬಟ್ಟೆಯ ಹಾಗೆ ಚೌಕಟ್ಟಿಗೆ ಬಿಗಿಯಬೇಕಾಗಿಲ್ಲ. ಮೈ ನುಣುಪು, ಬಣ್ಣ ಹೀರಿಕೊಳ್ಳುವುದಿಲ್ಲ, ಹಾಗಾಗಿ ಹೊಳಪು ಉಳಿಯುತ್ತದೆ. ಕತ್ತೆಯ ಮೇಲೆ ಹೇರಿಕೊಂಡು ಊರೂರು ತಿರುಗಬಹುದು. ಬಹಳ ಚಿತ್ರಗಾರರು ಮೊದಲು ಕೆಮ್ಮಣ್ಣಿನ ಬಣ್ಣವೊಂದನ್ನು ತಗಡಿಗೆ ಪೂರ್ತಿ ಬಳಿದು, ಅದರ ಮೇಲೆ ಬರೆಯುತ್ತಿದ್ದರು. ಬಣ್ಣ ಸವೆದ ಕಡೆ ಆ ಕೆಂಪು ಇಣುಕುತ್ತದೆ. ಕೆಲವರು ಅದನ್ನೇ ನೆರಳಿನ ಬಣ್ಣವಾಗಿ ಬಿಟ್ಟುಬಿಡುತ್ತಿದ್ದರು. ಒಂದು ಕೈ ಕೆಲಸ ಉಳಿಯಿತಲ್ಲ!

ಇವು ಹೆಚ್ಚಾಗಿ ಹುಟ್ಟಿದ್ದು ನಡು ಮೆಕ್ಸಿಕೋದ ಗ್ವಾನಾಹ್ವಾತೊ, ಸಕಾತೇಕಾಸ್, ಸಾನ್ ಲೂಯಿಸ್ ಪೊತೋಸಿ, ಹಲಿಸ್ಕೊ ರಾಜ್ಯಗಳಲ್ಲಿ. ಬೆಳ್ಳಿ ಗಣಿಗಳಿರುವ, ದನಕರು ಸಾಕುವ, ದೂರದೂರ ಹಳ್ಳಿಗಳ ಸೀಮೆ ಅದು.

ಬರೆದವರು ಯಾರು? ಸಹಿಯೇ ಇಲ್ಲವಲ್ಲ.

ಇರುವುದಿಲ್ಲ. ಇವರು ಕಲಾಶಾಲೆಯಲ್ಲಿ ಕಲಿತವರಲ್ಲ. ಯುರೋಪಿನಿಂದ ಬಂದ ಅಚ್ಚಿನ ಚಿತ್ರವನ್ನೋ, ಊರ ಚರ್ಚಿನ ಮೂರ್ತಿಯನ್ನೋ ನೋಡಿ ಬರೆಯುತ್ತಿದ್ದರು. ಒಂದೇ ಸಂತನನ್ನು ಜೀವಮಾನವಿಡೀ ನೂರಾರು ಸಲ. ಬರೆದದ್ದನ್ನು ಜಾತ್ರೆಯಲ್ಲಿ, ಸಂತೆಯಲ್ಲಿ ಮಾರುತ್ತಿದ್ದರು. ಹಾಗಾಗಿ ಒಬ್ಬೊಬ್ಬರ ಕೈ ಗುರುತು ಸಿಗುತ್ತದೆ, ಹೆಸರು ಸಿಗುವುದಿಲ್ಲ. ಅಧ್ಯಯನ ಮಾಡಿದವರೇ ಅಡ್ಡಹೆಸರು ಇಟ್ಟಿದ್ದಾರೆ. ಜೇನು ಕಚ್ಚಿ ಊದಿದ ಹಾಗಿರುವ ತುಟಿ ಬರೆಯುವವನೊಬ್ಬ, ಬಣ್ಣ ಉಳಿಸಲು ಗೆರೆ ಎಳೆದು ಬಿಟ್ಟ ಜಿಪುಣನೊಬ್ಬ.

ಹೆಸರು ಉಳಿದವರಲ್ಲಿ ದೊಡ್ಡವನು ಎರ್ಮೆನೆಹಿಲ್ದೊ ಬುಸ್ತೋಸ್. ಹುಟ್ಟಿದ್ದು 1832ರಲ್ಲಿ, ಗ್ವಾನಾಹ್ವಾತೊ ರಾಜ್ಯದ ಪುರೀಸಿಮಾ ದೆಲ್ ರಿಂಕೋನ್ ಎಂಬ ಊರಲ್ಲಿ. ತೀರಿಕೊಂಡಿದ್ದು 1907ರಲ್ಲಿ. ಐಸ್‌ಕ್ರೀಮ್ ಮಾರುತ್ತಿದ್ದ, ತಗಡಿನ ಕೆಲಸ ಮಾಡುತ್ತಿದ್ದ, ನಡುನಡುವೆ ಊರವರ ಮುಖ ಬರೆಯುತ್ತಿದ್ದ, ಹರಕೆ ಚಿತ್ರಗಳನ್ನೂ ಮಾಡಿಕೊಡುತ್ತಿದ್ದ. 1891ರಲ್ಲಿ ತನ್ನದೇ ಮುಖ ಬರೆದು, ಹಿಂದೆ ತಾನು ಈ ಊರಿನ ಇಂಡಿಯನ್ (ಅಂದರೆ ಅಲ್ಲಿನ ಮೂಲನಿವಾಸಿ), ಆಗುತ್ತದಾ ನೋಡೋಣವೆಂದು ಬರೆದೆ ಎಂದು ಗೀಚಿದ್ದಾನೆ. ಮೀಸೆ, ಉಬ್ಬಿದ ಕೆನ್ನೆಯ ಮೂಳೆ, ನೆಟ್ಟ ನೋಟ. ಆಗಿದೆ ಮಹರಾಯ, ಚೆನ್ನಾಗೇ ಆಗಿದೆ.

ಯಾರು ಯಾವ ಸಂತರು ಅಂತ ಹೇಗೆ ಗುರುತು ಹಿಡಿಯುವುದು?

ಮುಖ ನೋಡಬೇಡಿ, ಕೈಯಲ್ಲಿ ಏನಿದೆ ನೋಡಿ. ಶಂಖ ಚಕ್ರ ಕಂಡರೆ ವಿಷ್ಣು, ತ್ರಿಶೂಲ ಕಂಡರೆ ಶಿವ ಅನ್ನುತ್ತೇವಲ್ಲ, ಅದೇ ದಾರಿ. ಇನ್ನೊಂದು ವಿಷಯ, ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾತೆ. ಹಳ್ಳಿಯ ಮನೆಯವರು ಚಂದಕ್ಕೆಂದು ಸಂತರನ್ನು ಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಏನು ಕಷ್ಟವಿತ್ತೋ ಅದಕ್ಕೆ ತಕ್ಕವರನ್ನು ತರುತ್ತಿದ್ದರು.

ಎತ್ತು, ನೇಗಿಲು ಕಂಡರೆ ಅದು ಸಂತ ಇಸಿದ್ರೋ. ಸ್ಪೇನಿನ ಮ್ಯಾಡ್ರಿಡ್ ಹತ್ತಿರದ ಕೂಲಿ ರೈತ. ಇವನು ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದರೆ, ಹಿಂದೆ ದೇವದೂತ ಬಂದು ಹೊಲ ಉಳುತ್ತಿರುತ್ತಾನೆ. ಹಬ್ಬ ಮೇ 15ಕ್ಕೆ, ಮಳೆಗಾಲದ ಹೊಸ್ತಿಲಲ್ಲಿ. ಮಳೆ ಬೇಕೆಂದು ಬೇಡುವುದು ಇವನನ್ನೇ. ಮಳೆ ಜಾಸ್ತಿಯಾದಾಗ ‘ಇಸಿದ್ರೋ, ನೀರು ತೆಗಿ, ಬಿಸಿಲು ಹಾಕು’ ಅಂತ ಮಕ್ಕಳು ಹಾಡುವುದೂ ಇವನಿಗೇ.

ತುಟಿಗೆ ಬೀಗ ಹಾಕಿಸಿಕೊಂಡವನು ಸಂತ ರಮೋನ್ ನೊನಾತೊ. ಸೆರೆಯಲ್ಲಿದ್ದಾಗಲೂ ಧರ್ಮ ಹೇಳುವುದು ನಿಲ್ಲಿಸಲಿಲ್ಲವೆಂದು ತುಟಿ ತೂತು ಮಾಡಿ ಬೀಗ ಜಡಿದರಂತೆ. ಹಾಗಾಗಿ ಚಾಡಿ ಹೇಳುವವರ ಬಾಯಿ ಮುಚ್ಚಿಸುವ ಖಾತೆ ಇವನದು. ಇವನು ತಾಯಿ ಸತ್ತ ಮೇಲೆ ಹೊಟ್ಟೆ ಕುಯ್ದು ತೆಗೆದ ಮಗುವಂತೆ. ‘ನೊನಾತೊ’ ಅಂದರೆ ಹುಟ್ಟದವನು. ಅದಕ್ಕೇ ಬಸುರಿಯರೂ ಇವನನ್ನು ಬೇಡಿಕೊಳ್ಳುತ್ತಾರೆ. ಅತ್ತೆ, ಸೊಸೆ ಇಬ್ಬರಿಗೂ ಬೇಕಾಗುವ ಸಂತ ಅಂತ ನನ್ನ ಹೆಂಡತಿಯ ತಮಾಷೆ.

ಮಂಚದ ಮೇಲೆ ಸಾಯುತ್ತಿರುವ ಮನುಷ್ಯ, ಪಕ್ಕದಲ್ಲಿ ಕಪ್ಪು ಉಡುಪಿನ ಪಾದ್ರಿ, ಮಂಚದ ಸುತ್ತ ದೆವ್ವಗಳು ಇದ್ದರೆ ಸಂತ ಕಮೀಲೊ. ಒಳ್ಳೆಯ ಸಾವು ಬರಲಿ ಎಂದು ಬೇಡುವುದು ಇವನನ್ನು. ಹೂ ಬಿಟ್ಟ ಕೋಲು, ತೋಳಲ್ಲಿ ಮಗು ಇದ್ದರೆ ಸಂತ ಜೋಸೆಫ್. ಮೀನು ಹಿಡಿದ ದೇವದೂತ ರಾಫೇಲ್. ಬೆಂಕಿಯ ನಡುವೆ ಕೈಗೆ ಸರಪಳಿ ಬಿಗಿದುಕೊಂಡ ಹೆಂಗಸು ಇದ್ದಾಳಲ್ಲ, ಅವಳು ಸಂತಳೇ ಅಲ್ಲ. ಸತ್ತ ಮೇಲೆ ಸ್ವರ್ಗಕ್ಕೆ ಹೋಗುವ ಮುನ್ನ ಪಾಪ ತೊಳೆದುಕೊಳ್ಳಲು ಬೇಯುತ್ತಿರುವ ಒಂಟಿ ಆತ್ಮ. ಯಾರೂ ಪ್ರಾರ್ಥನೆ ಮಾಡದ ಸತ್ತವರ ಪರವಾಗಿ ಅವಳು. ಅಂಗೈಯಲ್ಲಿ ಮೊಳೆಯ ಗಾಯ, ಐದು ಬೆರಳ ತುದಿಯಲ್ಲಿ ಐದು ಜನ ಇದ್ದರೆ ಬಾಲ ಯೇಸು, ಮರಿಯಮ್ಮ, ಜೋಸೆಫ್, ಅಜ್ಜಿ ಅನ್ನಾ, ಅಜ್ಜ ಜೋಕಿಮ್. ಇಡೀ ಮನೆತನ ಒಂದೇ ಕೈಯಲ್ಲಿ.

ಎಲ್ಲರಿಗಿಂತ ಜಾಸ್ತಿ ಸಿಗುವುದು ಮರಿಯಮ್ಮನೇ. ತಾಯಿ ಮಗು ಇಬ್ಬರಿಗೂ ಕಿರೀಟ, ತಲೆಗೆ ತಲೆ ಒರಗಿಸಿಕೊಂಡಿದ್ದರೆ ಅವಳು ‘ರೆಫೂಹಿಯೊ’, ಪಾಪಿಗಳಿಗೆ ಆಸರೆಯಾದವಳು. ಆ ಚಿತ್ರವನ್ನು 18ನೇ ಶತಮಾನದಲ್ಲಿ ಇಟಲಿಯಿಂದ ಜೆಸ್ವಿತ್ ಪಾದ್ರಿಗಳು ತಂದರು. ಸಕಾತೇಕಾಸ್ ಹತ್ತಿರದ ಫ್ರಾನ್ಸಿಸ್ಕನ್ ಪಾದ್ರಿಗಳು ಊರೂರಿಗೆ ಹೊತ್ತರು. ಕೈ ಜೋಡಿಸಿ, ಎದೆಗೆ ಕತ್ತಿ ನೆಟ್ಟುಕೊಂಡು, ಕಣ್ಣೀರು ಹಾಕುತ್ತಿದ್ದರೆ ‘ದೊಲೋರೆಸ್’, ಮಗನನ್ನು ಕಳೆದುಕೊಂಡ ತಾಯಿ. ಪಕ್ಕದಲ್ಲಿ ಮುಳ್ಳಿನ ಕಿರೀಟವೋ ಮೊಳೆಯೋ ಇರುತ್ತದೆ. ಈಸ್ಟರ್‌ಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದ ಹಿಂದಿನ ಶುಕ್ರವಾರ ಇವಳಿಗೆ ಮನೆಮನೆಯಲ್ಲಿ ಪೀಠ ಕಟ್ಟುತ್ತಾರೆ. ಕತ್ತಲಲ್ಲಿ ಮೊಳಕೆ ಬರಿಸಿದ ಗೋಧಿ ಪೈರು, ಕಿತ್ತಳೆ, ಮೇಣದ ಬತ್ತಿ. ನವರಾತ್ರಿಯ ಘಟಸ್ಥಾಪನೆಯ ಪೈರು ನೋಡಿದವರಿಗೆ ಅದು ಹೊಸದೆನಿಸುವುದಿಲ್ಲ.

ಅಚ್ಚು ಹಾಕಿದ ಹಾಗೆ ಒಂದೇ ತರಹ ಇರುವ ಈ ಮೂರು ಗಂಡಸರು ಯಾರು? ತ್ರಿಮೂರ್ತಿಗಳಾ?

ಎಲ್ಲರೂ ಕೇಳುತ್ತಾರೆ. ಇದು ಪಿತ, ಸುತ, ಪವಿತ್ರಾತ್ಮ. ದೇವರು ಒಬ್ಬನೇ, ಮೂರು ರೂಪ ಎಂಬುದನ್ನು ಚಿತ್ರಗಾರ ಹಾಗೇ ನೇರವಾಗಿ ಬರೆದುಬಿಟ್ಟಿದ್ದಾನೆ. ಎದೆಯ ಮೇಲೆ ಸೂರ್ಯನಿದ್ದರೆ ಪಿತ, ಕುರಿಮರಿಯಿದ್ದರೆ ಸುತ, ಪಾರಿವಾಳವಿದ್ದರೆ ಪವಿತ್ರಾತ್ಮ. ಪವಿತ್ರಾತ್ಮನನ್ನು ಯುವಕನ ರೂಪದಲ್ಲಿ ಬರೆಯಕೂಡದು ಎಂದು ಪೋಪ್ 14ನೇ ಬೆನೆಡಿಕ್ಟ್ 1745ರಲ್ಲೇ ಹೇಳಿದ್ದರು. ಮೆಕ್ಸಿಕೋದ ತಗಡಿನವರು ನೂರು ವರ್ಷ ಕಳೆದರೂ ಬರೆಯುತ್ತಲೇ ಇದ್ದರು. ರೋಮ್ ದೂರ, ಗಿರಾಕಿ ಹತ್ತಿರ.

ಈ ಮಗು ನಮ್ಮ ಬಾಲ ಯೇಸುನಾ?

ಬೆಂಗಳೂರಿನ ವಿವೇಕನಗರ ಅಥವಾ ಮಂಗಳೂರಿನ ಬಿಕರ್ನಕಟ್ಟೆಯ ಬಾಲ ಯೇಸುವನ್ನು ನೋಡಿದವರು ಹೀಗೆ ಕೇಳುತ್ತಾರೆ. ಯೇಸು ಅದೇ, ವೇಷ ಬೇರೆ. ಅಲ್ಲಿರುವುದು ಪ್ರಾಗ್ ನಗರದ ರೂಪ. ನಿಂತಿರುತ್ತಾನೆ, ಕಿರೀಟ, ರಾಜನ ಅಂಗಿ, ಕೈಯಲ್ಲಿ ಭೂಮಿಯ ಗುಂಡು. ನಮ್ಮ ತಗಡಿನ ಮೇಲಿರುವವನು ‘ಸಾಂತೊ ನಿನ್ಯೊ ದೆ ಅತೋಚಾ’. ಇವನು ಕುರ್ಚಿಯ ಮೇಲೆ ಕೂತ ಯಾತ್ರಿಕ. ತಲೆಗೆ ಟೊಪ್ಪಿ, ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ನೀರಿನ ಬುರುಡೆ ಕಟ್ಟಿದ ಕೋಲು.

ಕತೆ ಸ್ಪೇನಿನದು. ಅತೋಚಾ ಎಂಬಲ್ಲಿ ಮುಸ್ಲಿಂ ದೊರೆಯ ಸೆರೆಯಲ್ಲಿದ್ದ ಕ್ರೈಸ್ತರಿಗೆ ಊಟ ಕೊಡಲು ಚಿಕ್ಕ ಮಕ್ಕಳನ್ನು ಮಾತ್ರ ಬಿಡುತ್ತಿದ್ದರಂತೆ. ಚಿಕ್ಕ ಮಕ್ಕಳಿಲ್ಲದವರ ಕೈದಿಗಳಿಗೆ ಗುರುತಿಲ್ಲದ ಹುಡುಗನೊಬ್ಬ ಬುಟ್ಟಿ ತುಂಬ ರೊಟ್ಟಿ ತಂದನಂತೆ. ಹಂಚಿದಷ್ಟೂ ಬುಟ್ಟಿ ಬರಿದಾಗಲಿಲ್ಲವಂತೆ. ಆದರೆ ಇವನ ದೊಡ್ಡ ನೆಲೆ ಈಗ ಮೆಕ್ಸಿಕೋದಲ್ಲೇ, ಸಕಾತೇಕಾಸ್ ರಾಜ್ಯದ ಫ್ರೆಸ್ನೀಯೊ ಪಕ್ಕದ ಪ್ಲಾತೇರೊಸ್ ಎಂಬ ಗಣಿ ಊರಲ್ಲಿ. ಕೈದಿಗಳು, ಗಣಿ ಕೆಲಸದವರು, ದಾರಿಹೋಕರು ಇವನ ಕಡೆಯವರು. ರಾತ್ರಿಯಿಡೀ ಕಷ್ಟದಲ್ಲಿರುವವರನ್ನು ಹುಡುಕಿಕೊಂಡು ಅಲೆಯುತ್ತಾನೆ, ಚಪ್ಪಲಿ ಸವೆಯುತ್ತದೆ ಎಂದು ಜನ ಇವನಿಗೆ ಪುಟ್ಟ ಪುಟ್ಟ ಶೂಗಳನ್ನು ತಂದಿಡುತ್ತಾರೆ.

ಕೆಳಗೆ ಬರವಣಿಗೆ ಇರುವ ಚಿತ್ರವನ್ನು ಬೇರೆ ಕಡೆ ನೋಡಿದ್ದೆ, ಅದು ಬೇರೆಯದಾ?

ಬೇರೆಯದು. ಅದು ಹರಕೆ ಚಿತ್ರ, ‘ಎಕ್ಸ್‌ವೋತೊ’. ಸಂತರ ಚಿತ್ರವನ್ನು ಜಾತ್ರೆಯಲ್ಲಿ ಕೊಂಡು ಮನೆಗೆ ತರುತ್ತಾರೆ. ಹರಕೆ ಚಿತ್ರ ಇದರ ತಿರುಗಾಮುರುಗ. ಕಷ್ಟ ಕಳೆದ ಮೇಲೆ ಹೇಳಿ ಬರೆಸಿ, ಕ್ಷೇತ್ರಕ್ಕೆ ಹೋಗಿ ಗೋಡೆಗೆ ಹೊಡೆದು ಬರುತ್ತಾರೆ. ನಮ್ಮಲ್ಲಿ ಕಣ್ಣು ಬೇನೆ ವಾಸಿಯಾದರೆ ಬೆಳ್ಳಿಯ ಕಣ್ಣು ಒಪ್ಪಿಸುತ್ತೇವೆ. ಲೋಹದ ಕಣ್ಣು, ಕಾಲು, ಹೃದಯ ಅಲ್ಲೂ ಇವೆ, ‘ಮಿಲಾಗ್ರೊ’ ಎನ್ನುತ್ತಾರೆ. ಹರಕೆ ಚಿತ್ರ ಅಷ್ಟಕ್ಕೆ ನಿಲ್ಲುವುದಿಲ್ಲ, ನಡೆದ ಕತೆಯನ್ನೇ ಹೇಳುತ್ತದೆ.

ಮೇಲೆ ಮೂಲೆಯಲ್ಲಿ ಮೋಡದ ನಡುವೆ ಸಂತರು. ನಡುವೆ ಅನಾಹುತ. ಕುದುರೆ ಕೆಡವಿದ್ದು, ಗಣಿ ಕುಸಿದದ್ದು, ಹೆರಿಗೆ ಕಷ್ಟವಾಗಿ ಮಲಗಿದ ಹೆಂಗಸು. ಕೆಳಗೆ ಊರು, ತಾರೀಕು, ಹೆಸರು ಸಮೇತ ಏನಾಯಿತು, ಯಾರನ್ನು ಕೂಗಿದೆ, ಹೇಗೆ ಉಳಿದೆ ಎಂಬ ನಾಲ್ಕು ಸಾಲು. ಕಾಗುಣಿತ ತಪ್ಪು ತಪ್ಪು. ಆಡುವ ಮಾತು ಹೇಗೋ ಬರಹವೂ ಹಾಗೆ. ಒಪ್ಪಿಕೊಂಡುಬಿಡುತ್ತೇನೆ, ಸಂತರ ಚಿತ್ರಗಳಿಗಿಂತ ನನಗೆ ಇವುಗಳ ಮೇಲೇ ಮೋಹ ಜಾಸ್ತಿ. ಆದರೂ ಮನೆಯಲ್ಲಿ ಒಂದೂ ಇಲ್ಲ. ಯಾರೋ ಒಪ್ಪಿಸಿದ ಹರಕೆ ಅದು, ಅದರ ಜಾಗ ಚರ್ಚಿನ ಗೋಡೆ.

ಈ ಪದ್ಧತಿ ಇನ್ನೂ ನಿಂತಿಲ್ಲ. ಗಡಿ ದಾಟಿ ಅಮೆರಿಕಕ್ಕೆ ಬಂದವರು, ಮರುಭೂಮಿಯಲ್ಲಿ ದಾರಿ ತಪ್ಪಿ ಉಳಿದವರು ಬರೆಸಿದ ಹರಕೆ ಚಿತ್ರಗಳೂ ಇವೆ.

ಫ್ರೀಡಾ ಕಾಲೋ ಚಿತ್ರಗಳೂ ಹೀಗೇ ಇರುತ್ತವಲ್ಲ?

ಇರುತ್ತವೆ, ಮೆಕ್ಸಿಕೋದ ಈ ಹೆಸರಾಂತ ಚಿತ್ರಗಾರ್ತಿ ಹಾಗೆ ಬರೆಯಲು ಕಲಿತದ್ದೇ ಇವುಗಳಿಂದ. ಅವಳು ಮತ್ತು ಗಂಡ, ಚಿತ್ರಗಾರ ದಿಯೇಗೊ ರಿವೇರಾ ಹರಕೆ ಚಿತ್ರಗಳನ್ನು ರಾಶಿ ರಾಶಿ ಕೂಡಿಟ್ಟಿದ್ದರು. ಡೆಟ್ರಾಯಿಟ್‌ನಲ್ಲಿ ಗರ್ಭಪಾತವಾದ ಮೇಲೆ 1932ರಲ್ಲಿ ಬರೆದ ‘ಹೆನ್ರಿ ಫೋರ್ಡ್ ಆಸ್ಪತ್ರೆ’ ಚಿತ್ರ ಲೋಹದ ಹಾಳೆಯ ಮೇಲಿದೆ. ಮಂಚ, ರಕ್ತ, ನೋವು ಎಲ್ಲ ಇದೆ, ಮೋಡದಲ್ಲಿ ಸಂತರು ಮಾತ್ರ ಇಲ್ಲ. ಇನ್ನೂ ಒಂದು ವಿಚಿತ್ರ ಕೇಳಿ. 1925ರಲ್ಲಿ ಅವಳಿದ್ದ ಬಸ್ಸಿಗೆ ಟ್ರಾಮ್ ಗುದ್ದಿ ಬೆನ್ನುಮೂಳೆ ಮುರಿದಿತ್ತು. ಎಷ್ಟೋ ವರ್ಷದ ಮೇಲೆ ಅಂಥದ್ದೇ ಅಪಘಾತದ, ಬೇರೆ ಯಾರದೋ ಹಳೇ ಹರಕೆ ಚಿತ್ರ ಕೈಗೆ ಸಿಕ್ಕಿತು. ಅದರಲ್ಲಿದ್ದ ಹುಡುಗಿಗೆ ತನ್ನ ಕೂಡುಹುಬ್ಬು ಬರೆದು, ಬಸ್ಸಿನ ಮೇಲೆ ತನ್ನೂರು ಕೊಯೋಆಕಾನ್ ಹೆಸರು ಸೇರಿಸಿ, ಅದನ್ನು ತನ್ನದಾಗಿ ಮಾಡಿಕೊಂಡಳು.

ಸಂತರ ಚಿತ್ರ ಬರೆಯುವುದು ಯಾಕೆ ನಿಂತಿತು?

ಅಚ್ಚಿನ ಬಣ್ಣದ ಪಟಗಳು ಬಂದವು. 19ನೇ ಶತಮಾನದ ಕೊನೆಯ ಹೊತ್ತಿಗೆ ರೈಲೂ ಬಂತು, ಕಾಗದದ ಸಂತರು ಇನ್ನೂ ಅಗ್ಗಕ್ಕೆ ಹಳ್ಳಿ ತಲುಪಿದರು. ರವಿವರ್ಮರ ಪಟ ನಮ್ಮ ದೇವರ ಮನೆಗಳನ್ನು ತುಂಬಿದ ಹಾಗೆಯೇ.

ಅಸಲಿಯೋ ನಕಲಿಯೋ ಗೊತ್ತಾಗುವುದು ಹೇಗೆ?

ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ. ನಾನು ಕೊಂಡ ಎರಡನೆಯದೇ ನಕಲಿ. ಆನ್‌ಲೈನಲ್ಲಿ ಫೋಟೋ ನೋಡಿ ದುಡ್ಡು ಕಳಿಸಿದ್ದೆ. ಬಂದದ್ದು ನೋಡಿದರೆ ತುಕ್ಕು ಕಿತ್ತಳೆ ಬಣ್ಣಕ್ಕೆ ಪುಡಿಪುಡಿಯಾಗಿ ಉದುರುತ್ತಿತ್ತು. ಉಪ್ಪೋ ಆಸಿಡ್ಡೋ ಹಾಕಿ ನಾಲ್ಕು ದಿನದಲ್ಲಿ ಬರಿಸಿದ ತುಕ್ಕು ಅದು. ನೂರು ವರ್ಷ ದಾಟಿದ ತಗಡಿನ ಬೆನ್ನು ಹಾಗಿರುವುದಿಲ್ಲ. ಬೂದು, ಕಂದು, ಕಪ್ಪು ಕಲೆಗಳು ಗಟ್ಟಿಯಾಗಿ ಕೂತಿರುತ್ತವೆ.

ಹಾಗಾಗಿ ಮೊದಲು ಬೆನ್ನು ತಿರುಗಿಸಿ ನೋಡಿ. ಆಮೇಲೆ ಬಣ್ಣ ಮತ್ತು ತುಕ್ಕು ಸೇರುವ ಜಾಗ. ತುಕ್ಕು ಬಣ್ಣವನ್ನು ಎಬ್ಬಿಸಿಕೊಂಡು ಬಂದಿದ್ದರೆ ಸರಿ. ತುಕ್ಕಿನ ಗುಳಿಯೊಳಗೆ ಬಣ್ಣ ಇಳಿದಿದ್ದರೆ, ಹಳೇ ತಗಡಿನ ಮೇಲೆ ಹೊಸದಾಗಿ ಬರೆದದ್ದು. ಇದು ಬಹಳ ನಡೆಯುತ್ತದೆ, ಹಳೇ ತಗಡು ಸಿಗುವುದು ಕಷ್ಟವೇನಲ್ಲ. ಮ್ಯಾಗ್ನೆಟ್ ಅಂಟಬೇಕು, ಒಳಗಿರುವುದು ಕಬ್ಬಿಣ ತಾನೇ. ಅಂಟದಿದ್ದರೆ ತಾಮ್ರವೋ ಇನ್ನೇನೋ. ಮೇಲಂಚಿನಲ್ಲಿ ಮೊಳೆಯ ತೂತು, ಮೇಣದ ಬತ್ತಿಯ ಮಸಿ ಇದ್ದರೆ ಬೇಸರ ಬೇಡ. ನನಗಂತೂ ತೂತಿಲ್ಲದ, ಮಸಿಯಿಲ್ಲದ, ಮೈ ಮಾಸದ ಸಂತನನ್ನು ಕಂಡರೇ ಅನುಮಾನ. ಇಷ್ಟು ವರ್ಷ ಕೆಲಸವಿಲ್ಲದೆ ಕೂತಿದ್ದನಾ ಅನ್ನಿಸುತ್ತದೆ. ತಮಾಷೆಯ, ಸ್ವಲ್ಪ ಪೋಲಿ ಹರಕೆ ಚಿತ್ರ ಸಿಕ್ಕರೆ ಅದು ಪ್ರವಾಸಿಗಳಿಗೆಂದೇ ಈಚೆಗೆ ಬರೆದದ್ದು ಅಂದುಕೊಳ್ಳಿ.

ತುಕ್ಕು, ಕೊಳೆ ಒರೆಸಬಹುದಾ?

ಬೇಡ. ಹುಣಸೆಹಣ್ಣು, ಪೀತಾಂಬರಿ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ನೆಂಟರೊಬ್ಬರು ಒದ್ದೆ ಬಟ್ಟೆ ಹಿಡಿದು ಹೊರಟಿದ್ದರು, ಓಡಿ ಹೋಗಿ ತಡೆದೆ. ತವರದ ಪದರ ಒಂದು ಕಡೆ ಗೀರಿದರೂ ಸಾಕು, ನೀರು ಒಳಗಿನ ಕಬ್ಬಿಣ ಮುಟ್ಟುತ್ತದೆ. ಅಲ್ಲಿಂದ ತುಕ್ಕು ಬಣ್ಣದ ಅಡಿಯಲ್ಲೇ ಹರಿದಾಡುತ್ತದೆ, ಕಣ್ಣಿಗೆ ಕಾಣುವಷ್ಟರಲ್ಲಿ ಬಣ್ಣ ಎದ್ದಿರುತ್ತದೆ. ಒಣ ಮೆತ್ತನೆ ಬ್ರಶ್ಶಿನಿಂದ ಧೂಳು ಕೊಡವಿ. ಬಣ್ಣ ಏಳುತ್ತಿದ್ದರೆ ಅದೂ ಬೇಡ, ಚಿತ್ರ ಸರಿಪಡಿಸುವ ಪಳಗಿದವರಿಗೆ ತೋರಿಸಿ. ತಗಡನ್ನು ಬಗ್ಗಿಸಬೇಡಿ, ಡೊಂಕಿದ್ದರೆ ನೆಟ್ಟಗೆ ಮಾಡಲೂ ಹೋಗಬೇಡಿ. ಎಲ್ ಪಾಸೋ ಒಣ ಹವೆಯ ಊರು, ನಮಗೆ ಚಿಂತೆಯಿಲ್ಲ. ಮಂಗಳೂರಿನ ಮಳೆಗಾಲಕ್ಕೆ ಒಯ್ಯುವುದಾದರೆ ಹೊರಗೋಡೆಗೆ ಮಾತ್ರ ನೇತುಹಾಕಬೇಡಿ.

ಮೆಕ್ಸಿಕೋಗೆ ಹೋದಾಗ ಕೊಂಡು ತರಬಹುದಾ?

ಹೊಸದಾದರೆ ಧಾರಾಳವಾಗಿ. ಹಳೆಯದಕ್ಕೆ ಕಾನೂನಿದೆ. ಮೆಕ್ಸಿಕೋದ 1972ರ ಕಾಯ್ದೆಯ ಪ್ರಕಾರ 16ರಿಂದ 19ನೇ ಶತಮಾನದ ಚರ್ಚುಗಳಲ್ಲಿ ಇರುವ, ಹಿಂದೆ ಇದ್ದ ವಸ್ತುಗಳೂ ಐತಿಹಾಸಿಕ ಸ್ಮಾರಕದ ಲೆಕ್ಕ. ಹರಕೆ ಚಿತ್ರಗಳು ನೇರವಾಗಿ ಇದರಡಿ ಬರುತ್ತವೆ. ಚರ್ಚಿನಿಂದ ಕದ್ದ ಮಾಲೂ ಸಾಕಷ್ಟು ಓಡಾಡುತ್ತದೆ. ಇದನ್ನು ನೋಡಿಕೊಳ್ಳುವುದು ಅಲ್ಲಿನ ಮಾನವಶಾಸ್ತ್ರ ಮತ್ತು ಇತಿಹಾಸದ ರಾಷ್ಟ್ರೀಯ ಸಂಸ್ಥೆ, ಜನ ‘ಇನಾಹ್’ ಎನ್ನುತ್ತಾರೆ. ಹಳೇ ಚಿತ್ರ ಕಂಡರೆ ಮೊದಲು ಅವರನ್ನು ಕೇಳಿ. ಅಂದಹಾಗೆ, ನಮ್ಮ ದೇಶದ ಪುರಾತನ ವಸ್ತುಗಳ ಕಾಯ್ದೆಯೂ ಅದೇ 1972ರದು.

ಭಾರತಕ್ಕೂ ಇದಕ್ಕೂ ಏನಾದರೂ ನಂಟಿದೆಯಾ?

ಒಂದು ಎಳೆ ಇದೆ. ಶಿಲುಬೆಗೆ ಕಟ್ಟಿ ಈಟಿಗಳಿಂದ ಚುಚ್ಚಿದ ಯುವಕನ ಚಿತ್ರ ಕಂಡರೆ ಅವನು ಮೆಕ್ಸಿಕೋ ನಗರದಲ್ಲಿ ಹುಟ್ಟಿದ ಸಂತ ಫೆಲಿಪೆ ದೆ ಹೆಸೂಸ್. ಅವನು ಮನಿಲಾದಿಂದ ಮನೆಗೆ ಹೊರಟ ಹಡಗು 1596ರಲ್ಲಿ ಜಪಾನಿನ ದಡಕ್ಕೆ ಬಡಿಯಿತು. 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ ಅವನೂ ಸೇರಿ 26 ಕ್ರೈಸ್ತರನ್ನು ಒಟ್ಟಿಗೆ ಕೊಂದರು. ಅವರಲ್ಲೇ ಇನ್ನೊಬ್ಬರು ಮುಂಬೈ ಬಳಿಯ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ. ಇಬ್ಬರನ್ನೂ ಸಂತರೆಂದು ಘೋಷಿಸಿದ್ದು ಒಂದೇ ದಿನ, 1862ರಲ್ಲಿ.

ಇವನ್ನು ದೇವರ ಮನೆಯಲ್ಲಿ ಇಡಬಹುದಾ?

ನಿಮ್ಮಿಷ್ಟ. ನಾವು ಹಾಲ್‌ನಲ್ಲಿ ಇಟ್ಟಿದ್ದೇವೆ. ನಮ್ಮಮ್ಮ ಬಂದಾಗ ದೊಲೋರೆಸ್ ಮುಂದೆ ದಿನಾ ಊದುಬತ್ತಿ ಹಚ್ಚುತ್ತಿದ್ದರು. ಹೊಗೆಯಿಂದ ಬಣ್ಣ ಕಪ್ಪಾಗುತ್ತದೆ ಅಂದೆ. ‘ಆಗಲೇ ಕಪ್ಪಾಗಿದೆಯಲ್ಲೋ, ಯಾರೋ ಹಚ್ಚಿದ್ದಾರಲ್ಲ’ ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಊದುಬತ್ತಿಯ ಸ್ಟ್ಯಾಂಡನ್ನು ಎರಡಡಿ ಆಚೆ ಸರಿಸಿ ರಾಜಿಯಾದೆವು.

ಒಳ್ಳೆಯ ಚಿತ್ರಗಳನ್ನು ಎಲ್ಲಿ ನೋಡಬಹುದು?

ಅಮೆರಿಕದಲ್ಲಿದ್ದರೆ ಲಾಸ್ ಕ್ರೂಸೆಸ್‌ಗೆ ಬನ್ನಿ, ನಮ್ಮ ಮನೆಯಿಂದ ಒಂದು ಗಂಟೆಯೊಳಗಿನ ದಾರಿ. ಅಲ್ಲಿನ ನ್ಯೂ ಮೆಕ್ಸಿಕೋ ಸ್ಟೇಟ್ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿ ಇಂಥವು ಸಾವಿರಗಟ್ಟಲೆ ಇವೆ. ಎಲ್ಲವನ್ನೂ ಒಟ್ಟಿಗೆ ಗೋಡೆಗೆ ಹಾಕಿರುವುದಿಲ್ಲ, ಹೊರಡುವ ಮುಂಚೆ ವಿಚಾರಿಸಿ. ಮೆಕ್ಸಿಕೋ ನಗರದಲ್ಲಾದರೆ ಕೊಯೋಆಕಾನ್‌ನ ಫ್ರೀಡಾಳ ನೀಲಿ ಮನೆ. ಬುಸ್ತೋಸ್ ಬೇಕಾದರೆ ಗ್ವಾನಾಹ್ವಾತೊ ನಗರದ ಅಲೋಂದಿಗಾ ಸಂಗ್ರಹಾಲಯ. ಹರಕೆ ಚಿತ್ರಗಳನ್ನು ಅವುಗಳ ಜಾಗದಲ್ಲೇ ನೋಡಬೇಕೆಂದರೆ ಮಾತ್ರ ಪ್ಲಾತೇರೊಸ್‌ಗೇ ಹೋಗಬೇಕು. ಜೊತೆಗೆ ಪುಟ್ಟ ಮಕ್ಕಳಿದ್ದರೆ ಅವರ ಹಳೇ ಶೂ ಒಂದು ಜೊತೆ ಬ್ಯಾಗಿನಲ್ಲಿರಲಿ.